ಪರದಾ ಹಿಂದಿನ ಬೆರಳು

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟಾಕಿ ನಾ. ಬಂದೂಕಿನ ಬಗ್ಗೆ ಬರಿತೇನಿ ಅಂದಾಗ ಮೊಮ್ಮಗಳು ನಕ್ಕಳು. ನಗಲಿ. ಆಕಿ ಬಂದೂಕು ನೋಡಿದ್ದು ಸಿನಿಮಾದಾಗ. ನನಗ ಅದು ಅಡಗಿಮನಿ ಬಾಗಲದಾಗ ನಿಂತು ವರ್ಷಗಟ್ಟಲೆ ಮಾಡಿದ ಕೆಲಸ.

ಬೈಲಹೊಂಗಲದಾಗ ನಮ್ಮ ಮನಿ ಮುಂದಿನ ಖೋಲಿನಽ ಅಂಗಡಿ. ನಮ್ಮ ಯಜಮಾನ್ರು ಬಂದೂಕು ರಿಪೇರಿ ಮಾಡ್ತಿದ್ರು. ಲೈಸೆನ್ಸಿಗೆ ಗಾಜಿನ ಚೌಕಟ್ಟು ಹಾಕ್ಸಿ ಗ್ವಾಡಿಗೆ ತೂಗುಹಾಕಿದ್ರು. ಸವದತ್ತಿ, ಕಿತ್ತೂರ ಕಡಿಂದ ಹೊಲಕ್ಕ ಹಂದಿ ಕಾಟ ಇದ್ದವರು ಬರ್ತಿದ್ರು. ದೊಡ್ಡ ವಾಡೇದ ಜಮೀನ್ದಾರ್ರು ಅಜ್ಜನ ಕಾಲದ ರೈಫಲ್ ತರ್ತಿದ್ರು.

ಹೆಚ್ಚಿನವರ ದೂರು ಒಂದಽ, ಕುದರಿ ಬಿಗಿ ಐತಿ ಅಂತ. ಕುದರಿ ಅಂದ್ರ ಬೆರಳು ಹಾಕಿ ಎಳಿಯೋ ಕಬ್ಬಿಣದ ನಾಲಿಗಿ. ಬಿಗಿ ಇದ್ರ ಎಳಿಯೋದ್ರಾಗ ನಳಿಗಿ ಅಲಗ್ಯಾಡಿ ಗುರಿ ತಪ್ಪತೈತಿ. ಸಡಲ ಆದ್ರ ಅದಕ್ಕಿಂತ ಕೆಟ್ಟ, ಬ್ಯಾಡಂದಾಗ ಹಾರತೈತಿ. ಅದನ್ನ ಹದಕ್ಕ ತರೋದು ಇವರ ಕೈಗುಣ. ಕುದರಿ ಎಳಿಯೋ ತನಕಾ ಹೊಡತ ತಡದು ಹಿಡಿಯೋ ಒಳಗಿನ ಹಲ್ಲನ್ನ ಸಾಣಿಕಲ್ಲಿಗೆ ಇಷ್ಟಽ ಇಷ್ಟು ತಿಕ್ಕೋದು, ಬಂದೂಕು ಜೋಡ್ಸಿ ನಿಲ್ಲಸೋದು, ಕುದರಿಗೆ ತಂತಿ ಕಟ್ಟಿ ತಕ್ಕಡಿ ಕಲ್ಲು ಇಳಿಬಿಡೋದು. ಯಾವ ಕಲ್ಲಿಗೆ ಟಕ್ ಅಂತು ಅಂತ ನೋಡೋದು.

ಕಲ್ಲು ತೂಕ ಹೇಳ್ತಾವು, ಅಷ್ಟಽ. ಕುದರಿ ಮೆತ್ತಗ ಬರತೈತೋ, ಉಸುಕು ಸಿಕ್ಕಂಗ ಬರತೈತೋ, ಹಿಡದಲ್ಲೇ ನಿಲ್ಲದ ಜಾರತೈತೋ, ಅದನ್ನ ಬೆರಳು ಹೇಳಬೇಕು. ಇವರ ಬೆರಳಿಗೆ ಸಕ್ಕರಿ ಬ್ಯಾನಿ ಬಂದು ಜೋಂ ಹಿಡದಿತ್ತು. ಬಿಸಿ ಚಾದ ಬಟ್ಟಲಾ ಹಿಡದ್ರೂ ತಿಳಿತಿದ್ದಿಲ್ಲ. ಹೊರಗ ಗೊತ್ತಾದ್ರ ಯಾರು ಬಂದೂಕು ಕೊಡ್ತಾರ?

ಅದಕ್ಕ ಗಿರಾಕಿ ಕುಂತಿರುವಾಗ ಇವರು, "ಒಳಗ ಬೆಳಕು ಚಲೋ ಐತಿ, ನೋಡ್ಕೊಂಡು ಬರ್ತೇನಿ" ಅಂತ ಬಂದೂಕು ಹಿಡಕೊಂಡು ಪರದಾ ಸರಿಸಿ ಬರ್ತಿದ್ರು. ಅಡಗಿಮನ್ಯಾಗ ಬೆಳಕು ಎಲ್ಲಿದು? ಹೊಗಿ ಇತ್ತು. ಗುಂಡು ಇಲ್ಲಂತ ಮೂರು ಸಲ ನೋಡಿ ನನ್ನ ಕೈಯಾಗ ಕೊಡ್ತಿದ್ರು. ನಾ ಹಿಟ್ಟಿನ ಕೈ ಒರಸ್ಕೊಂಡು ಎಳೀತಿದ್ದೆ. ಟಕ್.

"ಹೆಂಗೈತಿ?"

"ಜಾರತೈತಿ." ಇಲ್ಲಾ, "ಕಚ್ಚತೈತಿ." ಇಲ್ಲಾ, "ಸರಿ ಐತಿ."

ನಮ್ಮಿಬ್ಬರಾಗ ದಿನಾ ಆಗತಿದ್ದ ಮಾತು ಹೆಚ್ಚುಕಡಿಮಿ ಇಷ್ಟಽ. ಮಕ್ಕಳು ಲಗ್ನಾಗಿ ಹೋಗಿದ್ರು. ಇವರು ಮೊದಲಿಂದ ಮಾತಿನವರಲ್ಲ. ಆ "ಹೆಂಗೈತಿ"ಗೆ ನಾ ಕಾಯ್ತಿದ್ದೆ ಅನ್ನೋದು ಆಗ ನನಗೂ ಗೊತ್ತಿರಲಿಲ್ಲ.

ತೊಂಬತ್ತಾರೋ ತೊಂಬತ್ತೇಳೋ ಇರಬೇಕು. ರಾಮದುರ್ಗದಾಗ ನಮ್ಮ ಅಕ್ಕನ ಮಗಳ ಲಗ್ನ. ನಾಕು ದಿನ ಮೊದಲ ಹೋಗಬೇಕಂತ ಸೀರಿ ಮಡಚಿ ಇಟ್ಟಿದ್ದೆ. ಮನೋಳಿ ಕಡಿಯ ಒಬ್ಬ ಮುಸಲ್ಮಾನ ರೈತರು ರೈಫಲ್ ಕೊಟ್ಟು ಹೋಗಿದ್ರು. ಹೊಳಿದಂಡಿ ಕಬ್ಬಿಗೆ ಹಂದಿ ಬಿದ್ದಿದ್ದುವು. ವಯಸ್ಸಾದವರು, ಕಾಕಾ ಅಂತಿದ್ವಿ. ಕುದರಿ ಎಳಿಯಾಕ ಅವರ ಬೆರಳಿಗೆ ಶಕ್ತಿ ಸಾಲತಿದ್ದಿಲ್ಲ.

"ಕಾಕಾಂದು ಮುಗಸಿ ಕೊಟ್ಟು ಹೋಗು," ಅಂದ್ರು ಇವರು.

"ಅದು ಮುಗಿಯೂದ್ರಾಗ ಅಕ್ಕಿಕಾಳು ಬಿದ್ದಿರತಾವು."

"ಅಕ್ಕಿಕಾಳಿಗೆ ನೀ ಇಲ್ಲಂದ್ರ ಲಗ್ನ ನಿಲ್ಲತೈತೇನು?"

ಸಿಟ್ಟು ನೆತ್ತಿಗೇರಿತು. "ಹಂಗಾದ್ರ ನಾ ಇಲ್ಲಂದ್ರ ನಿಮ್ಮ ಬಂದೂಕೂ ನಿಲ್ಲಂಗಿಲ್ಲ. ನಿಮ್ಮ ಬೆರಳಿಗೇ ಕೇಳ್ಕೋರಿ," ಅಂದೆ.

ಮೂರು ದಿನ ನಾ ಮಾತು ಬಿಟ್ಟೆ. ಕಾಕಾ ರೈಫಲ್ ಒಯ್ಯಾಕ ಬಂದ ದಿನ ಇವರು ಪರದಾ ಸರಿಸಿ ಬಂದು ರೈಫಲ್ ಚಾಚಿದ್ರು. ನಾ ರೊಟ್ಟಿ ಬಡೀತಾನಽ ಇದ್ದೆ, ತಲಿ ಎತ್ತಲಿಲ್ಲ. ಸ್ವಲ್ಪ ಹೊತ್ತು ನಿಂತು ತಿರಗಿ ಹೋದ್ರು. ರೈಫಲ್ ಕಾಕಾನ ಕೈಗೆ ಹೋತು. ನಾ ರಾಮದುರ್ಗದ ಬಸ್ ಹತ್ತಿದೆ. ಅಕ್ಕಿಕಾಳು ಸಿಕ್ಕುವು.

ನಾ ತಿರಗಿ ಬಂದ ಮರುದಿನಽ ಕಾಕಾ ಬಂದ್ರು. ರೈಫಲ್ಲಿಗೆ ಗೋಣಿಚೀಲ ಸುತ್ತಿದ್ರು, ಎಳಿಕೂಸು ತಂದಂಗ ಎರಡೂ ಕೈಲೆ ತಂದು ಮೇಜಿನ ಮ್ಯಾಲಿಟ್ರು. ನಾ ಪರದಾ ಹಿಂದ ನಿಂತಿದ್ದೆ.

"ಮಿಸ್ತ್ರಿ, ಎಳಿ ಅನ್ನೋದಽ ಬ್ಯಾಡ ಇದಕ್ಕ. ಕೊಟ್ಟಗಿ ಕಂಬಕ್ಕ ಆನಿಸಿ ಇಟ್ಟಿದ್ದೆ, ಜಾರಿ ಬಿತ್ತು, ಹಾರಿಬಿಟ್ತು. ನನ್ನ ಎತ್ತಿನ ಕೋಡಿನ ತುದಿ ಹೋಗೇತಿ. ಅದರಾಚಿ ಎರಡು ಮಾರಿನ್ಯಾಗ ಸೊಸಿ ಎಮ್ಮಿ ಹಿಂಡ್ಲಿಕ್ಕೆ ಹತ್ತಿದ್ಲು."

ಗುಂಡು ತುಂಬಿ ಇಟ್ಟದ್ದು ಕಾಕಾನ ತಪ್ಪು. ಅವರೂ ಒಪ್ಪಿದ್ರು. ಆದ್ರ ಇವರು ಆ ಮಾತು ಎತ್ತಲಿಲ್ಲ.

"ತಪ್ಪು ನಂದು. ನಾನಽ ಎಳದು ನೋಡಿದ್ದೆ," ಅಂದ್ರು.

"ಹೂಂ. ಅದಕ್ಕಽ," ಅಂದ್ರು ಕಾಕಾ. "ಪ್ರತಿ ಸಲ ಪರದಾ ಹಿಂದ ಟಕ್ ಅನ್ನೋದು, ತಂಗಿ ಮಾತು ಕೇಳಸೋದು. ಈ ಸಲ ಬರೇ ರೊಟ್ಟಿ ಸಪ್ಪಳ. ಯಾಕಂತ ನಾನೂ ಕೇಳಬೇಕಿತ್ತು."

ಇವರು ಸುತ್ತಿದ್ದ ಗೋಣಿಚೀಲ ಬಿಚ್ಚಿದ್ರು. ಆಮ್ಯಾಲ, "ನಿಮಗ ಗೊತ್ತಿತ್ತೇನು?" ಅಂದ್ರು.

"ಪ್ಯಾಟಿಗೆಲ್ಲಾ ಗೊತ್ತು ಮಿಸ್ತ್ರಿ. ಹಿಡಿಗೆ ಹಿಟ್ಟು ಹತ್ತಿದ ಬಂದೂಕು ಮತ್ತ ಯಾರ ಅಂಗಡ್ಯಾಗ ಸಿಗತಾವು?"

ನನಗ ನಗು ಬಂತು, ನುಂಗಿದೆ. ಆಗ ಇವರು ಪರದಾ ಪೂರಾ ಸರಿಸಿದ್ರು. "ಬಾ ಇಲ್ಲಿ."

ಗಿರಾಕಿ ಮುಂದ ನಾ ಬಂದದ್ದು ಅವತ್ತಽ ಮೊದಲು. ಎಳದೆ. ಎಳದೆ ಅನ್ನೋದೂ ಸುಳ್ಳು, ಮುಟ್ಟಿದೆ ಅಷ್ಟಽ. ಟಕ್. ಸೊಸಿ ಎಮ್ಮಿ ಹಿಂಡೋದು ಕಣ್ಣಿಗೆ ಬಂತು.

"ಜಾರತೈತಿ," ಅಂದೆ.

ಹಳೇ ಹಲ್ಲು ತಗದು ಬ್ಯಾರೆ ಹಾಕಿದ್ರು. ಮಧ್ಯಾಹ್ನ ತನಾ ತಿಕ್ಕಿದ್ರು. ಬಿದ್ರ ಹಾರತೈತೇನಂತ ಹಿಡಿ ನೆಲಕ್ಕ ಕುಟ್ಟಿ ನೋಡಿದ್ರು. ನಾ ನಾಕು ಸಲ ಎಳದೆ. "ಸರಿ ಐತಿ" ಅಂದೆ. ಕಾಕಾ ಚಾ ಕುಡದು ಹೋದ್ರು.

ಅದಽ ಕೊನೀ ಬಂದೂಕು. ಆ ವಾರ ಇದ್ದ ಬಂದೂಕೆಲ್ಲಾ ತಿರಗಿ ಕೊಟ್ರು. ಸ್ಟೋ, ಕೀಲಿ, ಟ್ರಂಕಿನ ಚಿಲಕ ರಿಪೇರಿ ಹಿಡದ್ರು. ಪ್ಯಾಟಿಗೆ ಗೊತ್ತಾತು ಅಂತ ನಾಚಿಕಿ ಅಂದ್ರು ಮಂದಿ. ಅಲ್ಲ. ನನ್ನ ಸಿಟ್ಟಿನ ಮ್ಯಾಲ ಮಂದಿ ಜೀವ ನಿಂತೈತಿ ಅನ್ನೋದು ಅವರಿಗೆ ತಿಳದಿತ್ತು. ಅದನ್ನ ಬಾಯಿಬಿಟ್ಟು ಹೇಳಲಿಲ್ಲ. ನಾನೂ ತಪ್ಪಾತು ಅನ್ನಲಿಲ್ಲ. ಅನ್ನೋ ಸ್ವಭಾವ ನಂದಲ್ಲ.

ಆಮ್ಯಾಲ ಎಂಟು ವರ್ಷ ಬದುಕಿದ್ರು. ಸ್ಟೋ ರಿಪೇರಿ ಮಾಡಿ ತಾವಽ ಹಚ್ಚಿ ನೋಡ್ತಿದ್ರು. ಬೆರಳು ಸುಟ್ಟದ್ದು ತಿಳೀದಽ ಹಂಗಽ ಹಿಡಕೊಂಡು ಕುಂಡ್ರತಿದ್ರು, ನಾ ಹೋಗಿ ಬಿಡಸ್ತಿದ್ದೆ. ಸಾರಿಗೆ ಉಪ್ಪು ಕಡಿಮಿ ಆದ್ರೂ ಮಾತಿಲ್ಲ. ಪರದಾ ಹಳೇದಾಗಿ ಹರದ ಮ್ಯಾಲ ಹೊಸಾದು ಹಾಕಲಿಲ್ಲ. ಅವರು ಅಲ್ಲಿ, ನಾ ಇಲ್ಲಿ, ನಡುವ ಏನೂ ಅಡ್ಡ ಇರಲಿಲ್ಲ. ಎಂಟು ವರ್ಷದಾಗ ಒಮ್ಮೆ "ಹೆಂಗೈತಿ?" ಅಂತ ಕೇಳಲಿಲ್ಲ. ಕೇಳಿದ್ರ ಹೇಳ್ತಿದ್ದೆ.

ಅವರು ಹೋದ ಎರಡನೇ ವರ್ಷಕ್ಕ ಕಾಕಾನ ಮಗ ಬಂದ. ಮೀಸಿ ಬೆಳ್ಳಗಾಗಿತ್ತು. ಕಾಕಾನೂ ತೀರಿದ್ರು. ರೈಫಲ್ ತನ್ನ ಹೆಸರಿಗಾಗೇತಿ, ಒಮ್ಮೆ ನೋಡಿ ಕೊಡ್ರಿ ಅಂದ.

"ತಿಕ್ಕೋದು ನನಗ ಬರಂಗಿಲ್ಲಪಾ. ಎಳದು ಹೇಳ್ತೇನಿ, ಅಷ್ಟಽ."

ಗುಂಡು ಇಲ್ಲಂತ ಮೂರು ಸಲ ನೋಡಿದೆ. ನನ್ನ ಬೆರಳು ವಾಯುವಿನಿಂದ ಸೊಟ್ಟಗಾಗಿತ್ತು. ಆದ್ರೂ ತಿಳೀತು. ಮೊದಲ ಗಟ್ಟಿ ನಿಂತು, ಆಮ್ಯಾಲ ಬೇಕಂದಾಗ ಬಿಡ್ತು. ಅವತ್ತು ಅವರು ಇಟ್ಟಂಗಽ ಇತ್ತು. ಟಕ್.

"ಸರಿ ಐತಿ," ಅಂದೆ, ಅವರು ಕುಂಡ್ರತಿದ್ದ ಮೇಜಿನ ಕಡೆ ನೋಡಿ.

"ಏನಂದ್ರಿ ಅಮ್ಮಾ?" ಅಂದ ಅವ.

ಅವಗ ಅಂದದ್ದಲ್ಲ. ರೈಫಲ್ ಅವನ ಕೈಗೆ ಕೊಟ್ಟು, ಅವನಿಗಂತ ಇನ್ನೊಮ್ಮೆ ಅಂದೆ.