ಕರ್ಸ್ಟಿಯ ಕಾವಲು

ಬೆಳಕು ಹರಿಯುವ ಹೊತ್ತಿಗೆ ಕಡಲಂಚಿನ ಕಿಲ್‌ಡಾರಿಗ್ ಹಳ್ಳಿಯ ಚರ್ಚಿನ ಅಂಗಳದಿಂದ ಹುಲ್ಲು ಕೊಯ್ಯುವ ಸದ್ದು. ಎಪ್ಪತ್ತೆಂಟರ ಫಾರ್ಕರ್ ಮ್ಯಾಕ್‌ರೇ ಇಬ್ಬನಿ ಆರುವ ಮುನ್ನವೇ ಗೋರಿಗಳ ನಡುವೆ ಉದ್ದ ಹಿಡಿಯ ಕುಡುಗೋಲು ಬೀಸುತ್ತಿದ್ದಾರೆ. "ಒದ್ದೆ ಹುಲ್ಲು ಹೇಳಿದ ಮಾತು ಕೇಳುತ್ತೆ. ಒಣಗಿದ್ರೆ ನಮ್ಮೂರ ಜನರ ಥರ, ಬಗ್ಗುತ್ತೆ, ಆದ್ರೆ ಜಪ್ಪಯ್ಯ ಅಂದ್ರೂ ತುಂಡಾಗಲ್ಲ," ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನತ್ತ ನೋಡಿ ನಗುತ್ತಾರೆ.

ಈ ಪ್ಯಾರಿಷ್‌ನಲ್ಲಿ, ಅಂದರೆ ಈ ಚರ್ಚಿನ ವ್ಯಾಪ್ತಿಯಲ್ಲಿ, ಹೆಣ ಹೂಳುವ ಗುಂಡಿ ತೋಡುವ ಕೆಲಸ ಅಜ್ಜನ ಕಾಲದಿಂದಲೂ ಅವರ ಮನೆಯದೇ. ಹೆರಿಂಗ್ ಮೀನು ಹೇರಳವಾಗಿದ್ದಾಗ ಊರು ತುಂಬಿ ತುಳುಕುತ್ತಿತ್ತು. ಪಾದ್ರಿಯನ್ನು ಆರಿಸುವವರು ಯಾರು ಎಂಬ ಜಗಳಕ್ಕೆ ಒಂದು ಚರ್ಚ್ ಎರಡಾಯಿತು. ಒಂದೇ ಬಾವಿಯ ನೀರು ಕುಡಿಯುತ್ತ ಮಾತು ಬಿಟ್ಟವರೆಲ್ಲ ಈಗ ಇಲ್ಲಿ ಮಗ್ಗುಲಿಗೆ ಮಗ್ಗುಲು ತಾಗಿಸಿ ಮಲಗಿದ್ದಾರೆ. ಮೀನು ಹೋಯಿತು, ಜನ ಹೋದರು. ಪ್ಯಾರಿಷ್ಷೂ ಪಕ್ಕದ ಪಟ್ಟಣದೊಂದಿಗೆ ಸೇರಿಹೋಗಿದೆ. ಸತ್ತವರನ್ನೂ ಅಲ್ಲಿಗೇ ಒಯ್ಯುತ್ತಾರೆ.

ಉಳಿದಿರುವುದು ಒಂದು ಹಳೆಯ ನಂಬಿಕೆ. ಕೊನೆಗೆ ಮಣ್ಣಾದವರು, ಮುಂದಿನವರು ಬರುವ ತನಕ, ಸ್ಮಶಾನದ ಗೇಟು ಕಾಯಬೇಕು. ಒಂದೇ ದಿನ ಎರಡು ಶವ ಬಂದರೆ, ಕಾವಲು ತಮ್ಮವರ ಪಾಲಿಗೆ ಬಾರದಿರಲಿ, ತಮ್ಮದೇ ಮೊದಲು ಮಣ್ಣಾಗಲಿ ಎಂದು ಹಿಂದೆಲ್ಲ ಹೊತ್ತವರು ಓಟಕ್ಕೇ ಬೀಳುತ್ತಿದ್ದರಂತೆ. ಮೂರು ವರ್ಷದ ಕೆಳಗೆ ಹಾಗೇ ಎರಡು ಬಂದವು: ಫಾರ್ಕರ್ ಅವರ ಹೆಂಡತಿ ಕರ್ಸ್ಟಿ, ನೆರೆಮನೆಯ ಮರ್ಡೋ.

"ಮರ್ಡೋ ಮನೆಯವ್ರು ಪಾಪ, ಮಳೇಲಿ ನಿಂತಿದ್ರು. ನಮ್ದೇನು, ಆಮೇಲಾಗ್ಲಿ ಅಂದೆ. ಇವಳ ಮಣ್ಣು ಮುಚ್ಚಿದ್ಮೇಲೆ ನೆನಪಾಯ್ತು. ಎಂಥ ದಡ್ಡ ನಾನು! ಹೋಗ್ಲಿ, ಇವತ್ತಲ್ಲ ನಾಳೆ ಯಾರಾದ್ರೂ ಬರ್ತಾರೆ ಅನ್ಕೊಂಡೆ."

ಯಾರೂ ಬರಲಿಲ್ಲ. ಆ ತಿಂಗಳೇ ಸ್ಮಶಾನ ಮುಚ್ಚಿದರು.

ಇದನ್ನೆಲ್ಲ ನಂಬುತ್ತೀರಾ ಎಂದು ಕೇಳುತ್ತೇನೆ. "ಹಗಲಲ್ಲಿ ಇಲ್ಲ," ಎನ್ನುತ್ತ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾರೆ. "ರಾತ್ರಿ ಒಂಬತ್ತು ಗಂಟೆ ಆದ್ರೆ ಸಾಕು, ಕೂತಲ್ಲೇ ತೂಕಡಿಸ್ತಿದ್ಲು. ಅಂಥವಳನ್ನ ಕಾವಲಿಗೆ ನಿಲ್ಲಿಸ್ಬಿಟ್ನಲ್ಲ."

ಕರ್ಸ್ಟಿಯ ಗುಂಡಿಯನ್ನು ಅವರು ಆಗಲೇ ಇಬ್ಬರಿಗಾಗುವಷ್ಟು ಆಳ ತೋಡಿದ್ದರು. ತಮ್ಮನ್ನೂ ಅಲ್ಲೇ ಮಲಗಿಸಲು ಅಪ್ಪಣೆ ಬೇಡಿ ಪಟ್ಟಣದ ಕಚೇರಿಗೆ ಅಲೆದು ಬೂಟು ಸವೆಸಿದ್ದಾರೆ. ಕಳೆದ ಭಾನುವಾರ ಪಾದ್ರಿ ಎಲ್ಸ್‌ಪೆತ್ ಅವರೇ ಬಂದು ಸುದ್ದಿ ಮುಟ್ಟಿಸಿದರು: "ಒಪ್ಪಿದಾರೆ ಫಾರ್ಕರ್. ನೀವೊಬ್ರೇ, ಆಮೇಲೆ ಯಾರಿಗೂ ಇಲ್ಲ. ಹಾಗಂತ ಅವಸರ ಮಾಡ್ಬೇಡಿ ಮತ್ತೆ!"

"ಹಾಗಾದ್ರೆ ನಿಮ್ಮನ್ನ ಕಾವಲಿನಿಂದ ಬಿಡಿಸೋಕೆ ಯಾರೂ ಬರಲ್ವಲ್ಲ?" ಎನ್ನುತ್ತೇನೆ.

ಫಾರ್ಕರ್ ಅಲಗಿಗೆ ಸಾಣೆಕಲ್ಲು ಆಡಿಸುತ್ತಾರೆ. "ಗೇಟಿಗೆ ಒಬ್ರು ಬೇಕೇ ಬೇಕಲ್ಲ ಮಗಳೇ. ಅವಳು ಮಲಗ್ಲಿ."