ಅತ್ತೆಯ ಲೋಟವೂ ಗೋವಾಕ್ಕೆ ಹೊರಟಿತು

ನನ್ನ ಸೂಟ್‌ಕೇಸಿನಲ್ಲಿ ಮಡಿಚಿಟ್ಟ ಇಳಕಲ್ ಸೀರೆಗಳ ನಡುವೆ ಅತ್ತೆ ತಮ್ಮ ಬೆಳ್ಳಿ ಲೋಟ ತುರುಕಿದರು. ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು.

ಐವತ್ತರ ದಶಕದ ಆರಂಭ. ನಮ್ಮ ಬಾದಾಮಿ ಆಗ ಮುಂಬೈ ರಾಜ್ಯದಲ್ಲಿತ್ತು. ಪ್ರೊಹಿಬಿಷನ್, ಒಂದು ಹನಿ ಮದ್ಯವೂ ಸಿಗದು. ಗೋವಾದಲ್ಲಿದ್ದ ನನ್ನ ಕಾನ್ವೆಂಟ್ ಗೆಳತಿ, ತಮ್ಮ ಮನೆಗೆ ಬಂದರೆ ಬಗೆಬಗೆಯ ವೈನ್ ಟೇಸ್ಟ್ ಮಾಡಿಸುವೆನೆಂದು ಕರೆದಿದ್ದಳು. ಕಟ್ಟಾ ಮಡಿಯ ಅತ್ತೆಗೆ ಗೊತ್ತಾದರೆ ಟ್ರಿಪ್ ಅಲ್ಲಿಗೇ ಖಲಾಸ್. ಅದಕ್ಕೇ ಪ್ಲ್ಯಾನನ್ನೆಲ್ಲ ಅವರೆದುರೇ ಇಂಗ್ಲಿಷಿನಲ್ಲಿ ಮಾಡಿದ್ದೆವು. ಅವರಿಗೆ ಹೇಳಿದ್ದು ಸಮುದ್ರ ನೋಡಲು ಹೋಗುತ್ತೇವೆ ಎಂದಷ್ಟೇ.

"ನಿಮ್ಮ ಇಂಗ್ಲೀಷಿನಾಗ ವೈನ್ ಅನ್ನೂದೊಂದು ನನಗೂ ತಿಳೀತದವ್ವಾ," ಎಂದರು ಅತ್ತೆ. "ನಿನ್ನ ಗಂಡನ್ನ ಹಡದಾಗ ಶಕ್ತಿ ಬರ್ಲಿ ಅಂತ ಡಾಕ್ಟರು ಅದನ್ನ ಕುಡಿಸಿದ್ರು. ಔಷಧಕ್ಕೆಲ್ಲಿ ಮೈಲಿಗಿ? ಲೋಟಾ ಮಾತ್ರ ನಂದ ಇರ್ಲಿ. ನಾನೂ ಬರ್ತೇನಿ."

ಬಂದೇಬಿಟ್ಟರು! ಗೆಳತಿಯ ಮನೆಯ ವರಾಂಡಾದಲ್ಲಿ ಕುಳಿತು, ಲೋಟವನ್ನು ತುಟಿಗೆ ತಾಗಿಸದೆ ಮೇಲಿನಿಂದ ಒಂದು ಗುಟುಕು ಸುರಿದುಕೊಂಡರು.

"ಔಷಧಕ್ಕ ರುಚಿ ಭಾಳ ಆತು. ಗುಣಾ ಕೊಡೂದಿಲ್ಲ ಇದು," ಎಂದು ಮುಖ ಕಿವುಚಿ, ಲೋಟವನ್ನು ಮತ್ತೆ ಮುಂದೆ ಹಿಡಿದರು.

ಈಗ ಅತ್ತೆಯೂ ಇಲ್ಲ, ನಮ್ಮವರೂ ಇಲ್ಲ. ಆ ವೈನಿನ ರುಚಿ ನನಗೆ ಮರೆತೇಹೋಗಿದೆ. ಆದರೆ ಆ ಟ್ರಿಪ್‌ನ ನಂತರ ಅತ್ತೆಯ ಮುಂದೆ ಗುಟ್ಟು ಮಾತಾಡಲು ನಮಗೊಂದು ಭಾಷೆಯೇ ಉಳಿಯಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ.