ಒಲೆಯಟ್ಟದ ಮೇಲಿದ್ದ ಡಿಸ್ಕ್ ಪ್ಲೇಯರ್

೨೦೦೯ರ ಜನವರಿಯ ಒಂದು ಭಾನುವಾರ, ಬೆಳಗಿನ ಹತ್ತು ಗಂಟೆ. ಸಿದ್ದಾಪುರ ತಾಲೂಕಿನ ದೊಡ್ಮನೆಯ ಒಂದು ಜಗುಲಿಯಲ್ಲಿ ನಾವು ಮೂವರು: ನಾನು, ನನ್ನ ಹೆಂಡತಿ ಮತ್ತು ಆ ಮನೆಯ ಒಡತಿ. ಒಡತಿ ನನ್ನ ಹೆಂಡತಿಗೆ ದೊಡ್ಡಪ್ಪನ ಮಗಳು, ನನಗೆ ಅತ್ತಿಗೆ. ನಡುವೆ ಹಳೆಯ ಪಂಚೆಯಲ್ಲಿ ಸುತ್ತಿದ ಡಿಸ್ಕ್ ಪ್ಲೇಯರ್.

ನಿವೃತ್ತಿಯಾದ ಮೇಲೆ ಶಿರಸಿಯ ಮನೆಯಲ್ಲಿ ನಾನೊಂದು ಹೋಮ್ ಥಿಯೇಟರ್ ಮಾಡಿಕೊಂಡಿದ್ದೆ. ಸ್ಪೀಕರುಗಳ ಜಾಗ ಅಳೆದು ಗುರುತು ಹಾಕಿದ್ದೆ. ಗುಡಿಸುವಾಗಲೂ ಯಾರೂ ಅವನ್ನು ಸರಿಸುವಂತಿರಲಿಲ್ಲ. ನನ್ನಲ್ಲಿದ್ದ ಸಂಗೀತದ ಡಿಸ್ಕುಗಳು ಸಾಮಾನ್ಯ ಪ್ಲೇಯರಿನಲ್ಲಿ ಓಡುವವಲ್ಲ. ಅವನ್ನು ಓಡಿಸುತ್ತಿದ್ದ ನನ್ನ ಯಂತ್ರ ಕೆಟ್ಟಿತು. ಹುಬ್ಬಳ್ಳಿಯಲ್ಲಿ ಕೇಳಿದರೆ, ಅಂಥದ್ದನ್ನು ಕಂಪನಿ ಮಾಡುವುದನ್ನೇ ನಿಲ್ಲಿಸಿದೆ ಎಂದರು. ಆಗ ನೆನಪಾದದ್ದು ಈ ಅತ್ತಿಗೆಯ ಗಂಡ, ತೀರಿಹೋದ ನನ್ನ ಷಡ್ಡಕರ ಪ್ಲೇಯರ್. ಮುಂಬಯಿಯಿಂದ ತರಿಸಿದ್ದು, ಅಕ್ಕಿಮೂಟೆಯಂತೆ ಭಾರ. ಫೋನಿನಲ್ಲೇ ಬೆಲೆ ಮಾತಾಡಿ, ಕೊಳ್ಳಲೆಂದು ಬಂದಿದ್ದೆ.

ಅತ್ತಿಗೆ ಪಂಚೆ ಬಿಚ್ಚಿದರು.

"ನೋಡು ಭಾವ, ಒಂಚೂರು ಬೂಸ್ಟು ಹಿಡದ್ದಿಲ್ಲೆ. ಅವು ಹೋದ ಮೇಲೆ ಎರಡು ಮಳೆಗಾಲ ಒಲೆ ಮೇಲಿನ ಅಟ್ಟದಲ್ಲೇ ಇಟ್ಟಿದ್ದೆ. ಒಬ್ಬಂವ ಬಂದು ಗುಜರಿ ಲೆಕ್ಕದಲ್ಲಿ ಕೇಳ್ದ. ಗುಜರಿಗೆ ಕೊಡಲೆ ಇಷ್ಟು ಜೋಪಾನ ಮಾಡಕಾಗಿತ್ತಾ? ಹಾಡು ಹೇಳ್ಸು. ಹೇಳಿದ್ರೆ ತಗಂಡು ಹೋಗು."

ಅವರ ಟಿ.ವಿ.ಗೆ ತಂತಿ ಜೋಡಿಸಿ, ತಂದಿದ್ದ ಡಿಸ್ಕು ಹಾಕಿದೆ. ತಟ್ಟೆ ಒಳಗೆ ಹೋಯಿತು, ಗರ್ರ್ ಎಂದಿತು, ಹೊರಗೆ ಬಂತು. ಅವರದೇ ಭಜನೆಯ ಸಿ.ಡಿ. ಹಾಕಿದರೂ ಅಷ್ಟೇ. ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟೆ. ಡಿಸ್ಕನ್ನು ಓದುವ ಕಡಲೆಬೇಳೆಯಷ್ಟಗಲದ ಗಾಜಿನ ಕಣ್ಣಿನ ಮೇಲೆ ಕಂದು ಬಣ್ಣದ ಪೊರೆ. ಹೆಂಡತಿ ಇಣುಕಿ ನೋಡಿ, ಹೇಳಬೇಡಿ ಎಂಬಂತೆ ನನ್ನ ತೋಳು ಒತ್ತಿದಳು. ಕೇಳಿದ್ದಕ್ಕೆ ಇದ್ದದ್ದು ಹೇಳಿಯೇ ನನಗೆ ರೂಢಿ.

"ಅತ್ತಿಗೆ, ಇದಕ್ಕೆ ಹೊಗೆ ಹಿಡದ್ದು."

ಅವರು ಬಗ್ಗಿ ಗಾಜನ್ನು ನೋಡಿದರು. "ಆನೇ ಹಾಳು ಮಾಡ್ದೆ ಹೇಳಾತು ಹಂಗಾರೆ" ಎಂದು ತನ್ನನ್ನೇ ದೂರಿಕೊಂಡು, ಎದ್ದು ಒಳಗೆ ಹೋದರು.

"ನಿಂಗಕ್ಕೆ ಬಾಯಿ ಮುಚ್ಚಿ ಕೂರಲೆ ಬರ್ತಿಲ್ಯಾ?" ಹೆಂಡತಿ ಪಿಸುಗುಟ್ಟಿದಳು.

ಇದರಲ್ಲಿ ಅವರ ತಪ್ಪೇನಿತ್ತು? ಬೀಜದ ಸೌತೆ, ಬೆತ್ತದ ಬುಟ್ಟಿ, ಹಳೆಯ ಕಾಗದಪತ್ರ, ಹೀಗೆ ಕೆಡಬಾರದೆಂದು ಕಂಡದ್ದನ್ನೆಲ್ಲ ನಮ್ಮ ಕಡೆ ಇಡುವುದು ಒಲೆಯ ಮೇಲೇ. ಅಲ್ಲಿಟ್ಟದ್ದು ತಲೆಮಾರು ದಾಟಿ ಬಂದಿದೆ. ನನ್ನ ತಾಯಿಯ ಕೈಗೆ ಈ ಯಂತ್ರ ಸಿಕ್ಕಿದ್ದರೂ ಅದೇ ಅಟ್ಟ ಹತ್ತುತ್ತಿತ್ತು. ಗೊತ್ತಿದ್ದುದರಲ್ಲಿ ಅತ್ಯುತ್ತಮವಾದದ್ದನ್ನೇ ಅವರು ಮಾಡಿದ್ದರು. ಒಂದು ವಸ್ತುವಿಗೆ ಏನು ಬೇಕೆಂದು ಅದನ್ನೇ ಕೇಳಿ ತಿಳಿಯುವಂತಿಲ್ಲ; ನಾವು ನಮಗೆ ಬಂದ ರೀತಿಯಲ್ಲೇ ಪ್ರೀತಿ ಮಾಡುತ್ತೇವೆ. ಆದರೆ ಆಗ ಇದನ್ನೆಲ್ಲ ಹೇಳಿದ್ದರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಯಂತ್ರ ಹಾಡಬೇಕಿತ್ತು.

ಅತ್ತಿಗೆಗೆ ಸಕ್ಕರೆ ಕಾಯಿಲೆ. ಇಂಜೆಕ್ಷನ್ನಿಗೆಂದು ಮನೆಯಲ್ಲಿ ಸ್ಪಿರಿಟ್ ಇತ್ತು. ದೇವರ ಮುಂದಿನ ಹತ್ತಿಯ ಬತ್ತಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಗಾಜನ್ನು ಮೆಲ್ಲಗೆ ಒರೆಸಿದೆ. ಮೊದಲ ಬತ್ತಿ ಕಾಫಿ ಬಣ್ಣಕ್ಕೆ ತಿರುಗಿತು. ನಾಲ್ಕಾರು ಬತ್ತಿಯಾದ ಮೇಲೆ ಸಿ.ಡಿ. ಹಾಕಿದೆ. ಭಜನೆ ಶುರುವಾಯಿತು. ಅತ್ತಿಗೆ ಬಾಗಿಲಿಗೆ ಬಂದು ನಿಂತರು. ಸಿ.ಡಿ.ಗಿಂತ ಸೂಕ್ಷ್ಮವಾದ ನನ್ನ ಡಿಸ್ಕನ್ನು ಮಾತ್ರ ಅದು ಆಗಲೂ ಓದಲಿಲ್ಲ.

"ಅರ್ಧ ಸರಿ ಆತು" ಎಂದು, ಮಾತಾಡಿದ್ದ ದುಡ್ಡನ್ನು ಪೂರ್ತಿ ಅವರ ಮುಂದಿಟ್ಟೆ.

"ಅರ್ಧ ಸರಿ ಆದದ್ದನ್ನ ಪೂರ್ತಿ ದುಡ್ಡಿಗೆ ಎಂತಕ್ಕೆ ತಗತ್ತೆ? ಕರುಣೆಗಾ?"

"ಕರುಣೆಗಲ್ಲ. ಬೇರೆಲ್ಲೂ ಸಿಕ್ತಿಲ್ಲೆ, ಅದ್ಕೆ. ಉಳಿದರ್ಧ ಮನೇಲಿ ನೋಡ್ತೆ."

ಅವರು ಒಪ್ಪಿದರು. ಆದರೆ ಮತ್ತೆ ಪಂಚೆ ಸುತ್ತಿಕೊಡುವಾಗ ನನ್ನ ಮುಖ ನೋಡಲಿಲ್ಲ.

ಶಿರಸಿಗೆ ಬಂದು, ಊಟ ಮುಗಿಸಿ, ಮಧ್ಯಾಹ್ನದ ನಿದ್ದೆ ಬಿಟ್ಟು ಕೂತೆ. ನನ್ನ ದಿನಚರಿಯಲ್ಲಿ ಅದು ಅಪರೂಪ. ಈ ಸಲ ಗಾಜಿನ ಅಂಚನ್ನೂ ಬಿಡದೆ ಒರೆಸಿ, ಒಣಬತ್ತಿಯಿಂದ ಇನ್ನೊಮ್ಮೆ ಉಜ್ಜಿದೆ. ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ನನ್ನ ಡಿಸ್ಕು ತಿರುಗಿತು; ಸಿತಾರಿನ ದನಿ ಕೋಣೆ ತುಂಬಿತು. ಕೂತು ಕೇಳುವ ಮೊದಲು ದೊಡ್ಮನೆಗೆ ಫೋನ್ ಮಾಡಿ, ರಿಸೀವರನ್ನು ಸ್ಪೀಕರಿನ ಎದುರು ಹಿಡಿದೆ.

ಮತ್ತೆ ಕಿವಿಗಿಟ್ಟಾಗ ಅತ್ತಿಗೆ ಕೇಳಿದರು. "ಇದು ಆ ಉಳಿದರ್ಧವಾ?"

"ಹೌದು. ಈಗ ಪೂರ್ತಿ ಸರಿ ಇದ್ದು. ಎಂತದೂ ಹಾಳಾಯ್ದಿಲ್ಲೆ."

"ನೀನು ಸಮಾಧಾನಕ್ಕೆ ಸುಳ್ಳು ಹೇಳಂವ ಅಲ್ಲ ಹೇಳಿ ಬೆಳಗ್ಗೇ ಗೊತ್ತಾತು." ನಕ್ಕರು. "ಇನ್ನೊಂಚೂರು ಹಿಡಿ ಭಾವ, ಕೇಳ್ತೆ."

ಹಾಡು ಮುಗಿಯುವ ತನಕ ಹಿಡಿದು ನಿಂತೆ. ಆಮೇಲೆ ಪ್ಲೇಯರಿನ ಮುಚ್ಚಳ ಹಾಕಿ, ತಿರುಪುಗಳನ್ನು ಒಂದೊಂದಾಗಿ ಬಿಗಿದೆ.